ಗಿಡ ಆರಿಸುವ ಕೆಲಸ ಚಳಿಗೆ ಬಿಡಿ

(ಬೀದರ್‌ನಲ್ಲಿ ಮನೆಯಂಗಳದಲ್ಲಿ ಹೂಗಿಡ ಬೆಳೆಸುವವರು ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಅವತ್ತು ಹೊತ್ತು ಸಾಲದೆ ಬಿಟ್ಟ ಒಂದೆರಡು ವಿಷಯ ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎಳ್ಳ ಅಮಾವಾಸ್ಯೆ ಮುಗಿದು ಇನ್ನೂ ವಾರ ಆಗಿಲ್ಲ. ಎಲ್ಲರೂ ಶಾಲು, ಸ್ವೆಟರ್ ಹಾಕಿಕೊಂಡೇ ಬಂದಿದ್ದೀರಿ. ರಾಜ್ಯದಲ್ಲಿ ಚಳಿ ಅಂದ ಕೂಡಲೇ ನಮ್ಮ ಬೀದರ್ ಹೆಸರು ಬರುತ್ತದೆ, ಅಲ್ವಾ? ಉಷ್ಣಾಂಶ ಒಂದಂಕಿಗೆ ಇಳಿದರೆ ಸಾಕು, ಪೇಪರಿನಲ್ಲಿ ಸುದ್ದಿ. ಇವತ್ತು ಬೆಳಗ್ಗೆ ನೀವು ಅನುಭವಿಸಿದ ಚಳಿ ಇದೆಯಲ್ಲ, ಅದರಿಂದ ಇನ್ನೂ 35, 40 ಡಿಗ್ರಿ ಕೆಳಗೆ ಇಳಿಯಿರಿ. ಅಲ್ಲಿ ಮಣ್ಣು ಕಲ್ಲಾಗಿದೆ. ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ನಾಲ್ಕೈದು ತಿಂಗಳು ಅಂಗಳದಲ್ಲಿ ಒಂದು ಹಸಿರೆಲೆ ಕಾಣುವುದಿಲ್ಲ. ಅಂಥ ಮಣ್ಣಿನೊಳಗೆ ಜೀವ ಹಿಡಿದು ಕೂತು, ಜುಲೈ ಬಂದಾಗ ಅಂಗೈ ಅಗಲದ ಹೂ ಬಿಡುವ ಒಂದು ಗಿಡದ ಬಗ್ಗೆ ಮಾತಾಡಲು ಬಂದಿದ್ದೇನೆ. ಅದರ ಹೆಸರು ಡೇಲಿಲಿ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವರಲ್ಲಿ ಒಬ್ಬ ಅಂತ ಇಲ್ಲಿ ಹಲವರಿಗೆ ಗೊತ್ತು. ನಿವೃತ್ತಿಯ ಮೇಲೆ ಮಗಳ ಮನೆಗೆ ಅಂತ ಎರಡು ಸಲ ಅಮೆರಿಕದ ಮಿನೆಸೋಟ ರಾಜ್ಯಕ್ಕೆ ಹೋಗಿದ್ದೆ. ಮಿನಿಯಾಪೊಲಿಸ್ ಹತ್ತಿರ ಅವರ ಮನೆ. ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ದಾದಿಯಾಗಿ ದುಡಿದು ನಿವೃತ್ತರಾದವರು. ಅವರ ಹಿತ್ತಲಲ್ಲಿ ಸಾವಿರಕ್ಕೂ ಜಾಸ್ತಿ ಡೇಲಿಲಿ ಸಸಿಗಳಿದ್ದವು. ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲವನ್ನೂ ಅವರೇ ಹೂವಿಗೆ ಹೂ ಕೂಡಿಸಿ, ಬೀಜ ಮಾಡಿ, ಬಿತ್ತಿ ಬೆಳೆಸಿದ್ದು. ನಾನು ಅಲ್ಲಿದ್ದಷ್ಟು ದಿನ ಬೆಳಗ್ಗೆ ಚಹಾ ಕುಡಿದು ಸೀದಾ ಅವರ ಹಿತ್ತಲಿಗೆ ಹೋಗುತ್ತಿದ್ದೆ.

ಮೊದಲು ಗಿಡದ ಪರಿಚಯ. ಹೆಸರಿನಲ್ಲಿ ಲಿಲಿ ಇದ್ದರೂ ಇದು ಲಿಲಿ ಜಾತಿಯದಲ್ಲ. ಲಿಲಿಗೆ ಪದರ ಪದರದ ಗಡ್ಡೆ ಇರುತ್ತದೆ. ಡೇಲಿಲಿಗೆ ಶತಾವರಿಯ ಹಾಗೆ ಊದಿಕೊಂಡ ದಪ್ಪ ಬೇರುಗಳು. ಎಲೆಗಳು ಎರಡು ಕಡೆಗೆ ಬಿಚ್ಚಿಕೊಂಡು ಬೀಸಣಿಗೆಯಂತೆ ನಿಲ್ಲುತ್ತವೆ. ಬೆಳೆಸುವವರು ಲೆಕ್ಕ ಹಾಕುವುದೂ ಬೀಸಣಿಗೆಯಲ್ಲೇ, ಎರಡು ಬೀಸಣಿಗೆಯ ಗಿಡ, ಐದು ಬೀಸಣಿಗೆಯ ಗಿಡ ಅಂತ. ಎಲೆ ಮತ್ತು ಬೇರು ಸೇರುವಲ್ಲಿ ಬೆಳ್ಳಗೆ ಗಟ್ಟಿಯಾದ ಒಂದು ಭಾಗ ಇದೆ. ಅದಕ್ಕೆ ನಾನು ಬುಡ ಅನ್ನುತ್ತೇನೆ. ಗಿಡದ ಪ್ರಾಣ ಇರುವುದು ಅಲ್ಲಿ. ಎಲೆ ಹೋದರೂ, ಅರ್ಧ ಬೇರು ಹೋದರೂ ಬುಡ ಉಳಿದರೆ ಗಿಡ ಉಳಿಯಿತು.

ಹೂ ನಮ್ಮ ದಾಸವಾಳದ ಹಾಗೆ ಒಂದೇ ದಿನದ್ದು. ಬೆಳಗ್ಗೆ ಅರಳಿ ರಾತ್ರಿಯೊಳಗೆ ಮುದುಡುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಹೆಮರೋಕ್ಯಾಲಿಸ್ ಅಂತ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಒಂದು ದಿನದ ಚೆಲುವು ಅಂತ ಅರ್ಥ. ತವರು ಚೀನಾ, ಕೊರಿಯಾ, ಜಪಾನ್ ಕಡೆ. ಚೀನಾದವರು ಇದರ ಮೊಗ್ಗು ಒಣಗಿಸಿ ಅಡುಗೆಗೆ ಹಾಕುತ್ತಾರೆ, ಚಿನ್ನದ ಸೂಜಿ ಅನ್ನುತ್ತಾರೆ. ದುಃಖ ಮರೆಸುವ ಗಿಡ ಅಂತಲೂ ಅಲ್ಲಿ ಇದಕ್ಕೆ ಹಳೆಯ ಹೆಸರಿದೆ. ಹಾಗಂತ ಸಿಕ್ಕ ಗಿಡದ ಮೊಗ್ಗು ಕಿತ್ತು ತಿನ್ನಬೇಡಿ. ಮನೆಯಲ್ಲಿ ಬೆಕ್ಕು ಇದ್ದವರು ಇನ್ನೊಂದು ಮಾತು ನೆನಪಿಡಿ. ಬೆಕ್ಕಿಗೆ ಇದು ವಿಷ, ಮೂತ್ರಪಿಂಡ ಹಾಳಾಗುತ್ತದೆ.

ಇದನ್ನು ತಳಿ ಮಾಡಿದವರ ಕಥೆಯಲ್ಲಿ ನನಗೆ ಭಾಳ ಹಿಡಿಸುವುದು ಆರ್ಲೋ ಸ್ಟೌಟ್ ಅನ್ನುವವರದ್ದು. ಅವರು ಬೆಳೆದದ್ದು ವಿಸ್ಕಾನ್ಸಿನ್ ರಾಜ್ಯದಲ್ಲಿ. ಅದೂ ಕೊರೆಯುವ ಚಳಿಯ ನಾಡು. ತಾಯಿಯ ಅಂಗಳದಲ್ಲಿ ಕಿತ್ತಳೆ ಬಣ್ಣದ ಡೇಲಿಲಿ ಇತ್ತು. ವರ್ಷ ವರ್ಷ ರಾಶಿ ಹೂ ಬಿಡುತ್ತಿತ್ತು, ಒಂದು ಬೀಜ ಕಟ್ಟುತ್ತಿರಲಿಲ್ಲ. ಯಾಕೆ ಅನ್ನುವ ಪ್ರಶ್ನೆ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. 1911ರಲ್ಲಿ ನ್ಯೂಯಾರ್ಕ್ ಸಸ್ಯೋದ್ಯಾನ ಸೇರಿದ ಮೇಲೆ ಅವರು ಆ ಪ್ರಶ್ನೆಯನ್ನೇ ಕೆಲಸ ಮಾಡಿಕೊಂಡರು. ಸಾವಿರಾರು ಹೂವಿಗೆ ಕೈಯಿಂದ ಪರಾಗ ಹಚ್ಚಿದರು. ಸಿಕ್ಕ ಬೀಜ ಕೆಲವೇ ಕೆಲವು.

ಕಾರಣ ಇಷ್ಟು. ಸಾಮಾನ್ಯ ಡೇಲಿಲಿಯ ಜೀವಕೋಶದಲ್ಲಿ ವಂಶದ ಗುಣ ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮ್, 22 ಇರುತ್ತವೆ, 11ರ ಎರಡು ಗುಂಪು. ಆ ಕಿತ್ತಳೆ ಗಿಡದಲ್ಲಿ 33, ಅಂದರೆ ಮೂರು ಗುಂಪು. ಬೀಜ ಆಗುವಾಗ ಇವು ಸಮ ಭಾಗ ಆಗಬೇಕು. ಮೂರನ್ನು ಸಮ ಎರಡು ಮಾಡುವುದು ಹೇಗೆ? ನಾವು ದಿನಾ ತಿನ್ನುವ ಬಾಳೆಹಣ್ಣಿನಲ್ಲಿ ಬೀಜ ಇಲ್ಲದ್ದಕ್ಕೂ ಇದು ದೊಡ್ಡ ಕಾರಣ. ಸ್ಟೌಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಚೀನಾದಿಂದ ಕಾಡು ಡೇಲಿಲಿಗಳನ್ನು ತರಿಸಿ, ಒಂದಕ್ಕೊಂದು ಕೂಡಿಸಿ, 50,000ಕ್ಕೂ ಜಾಸ್ತಿ ಸಸಿ ಬೆಳೆಸಿ ನೋಡಿದರು. ಹೆಸರಿಟ್ಟು ಹೊರಗೆ ಬಿಟ್ಟದ್ದು ಅದರಲ್ಲಿ ಒಂದು ಚೂರು ಮಾತ್ರ. ಹಳದಿ, ಕಿತ್ತಳೆ ಬಿಟ್ಟರೆ ಬೇರೆ ಬಣ್ಣ ಇಲ್ಲದಿದ್ದ ಕಾಲದಲ್ಲಿ, 1934ರಲ್ಲಿ, ಥೆರಾನ್ ಅನ್ನುವ ಕಡುಗೆಂಪು ಹೂ ಅವರ ಕೈಯಿಂದ ಬಂತು. ಇವತ್ತು ಡೇಲಿಲಿ ಲೋಕದಲ್ಲಿ ದೊಡ್ಡ ಗೌರವ ಅಂದರೆ ಸ್ಟೌಟ್ ಬೆಳ್ಳಿ ಪದಕ. ನೋಂದಾಯಿಸಿದ ತಳಿಗಳ ಲೆಕ್ಕ ಈಗ ಒಂದು ಲಕ್ಷ ದಾಟಿದೆ. ನೀಲಿ ಮಾತ್ರ ಇನ್ನೂ ಸಿಕ್ಕಿಲ್ಲ.

ಸ್ಟೌಟ್ ಕಾಲದ ನಂತರ ಆದ ದೊಡ್ಡ ಬದಲಾವಣೆ ಕಾಲ್ಚಿಸಿನ್‌ನಿಂದ. ಹೊಲದ ಬೇಲಿಯಲ್ಲಿ ಮಳೆಗಾಲಕ್ಕೆ ಬರುವ ಅಗ್ನಿಶಿಖೆ ಬಳ್ಳಿ ನೋಡಿದ್ದೀರಲ್ಲ, ಬೆಂಕಿ ಹೊತ್ತಿದ ಹಾಗೆ ಹೂ? ಅದರ ಗಡ್ಡೆ, ಬೀಜದಲ್ಲಿರುವ ವಿಷ ಇದೇ. ಯುರೋಪಿನಲ್ಲಿ ಕಾಲ್ಚಿಕಮ್ ಅನ್ನುವ ಬೇರೆ ಹೂವಿನಿಂದ ತೆಗೆಯುತ್ತಾರೆ. ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಇದು ಅಡ್ಡ ಬರುತ್ತದೆ. ಕ್ರೋಮೋಸೋಮ್ ದುಪ್ಪಟ್ಟಾಗಿರುತ್ತವೆ, ಕೋಶ ಮಾತ್ರ ಒಡೆಯುವುದಿಲ್ಲ. ಹಾಗೆ 22 ಹೋಗಿ 44 ಆಗುತ್ತದೆ. 1960ರ ಹೊತ್ತಿಗೆ ಇಂಥ ಗಿಡಗಳು ಬಂದವು. ದಪ್ಪ ದಂಟು, ದೊಡ್ಡ ಹೂ, ಗಾಢ ಬಣ್ಣ, ಎಸಳಿನ ಅಂಚಿಗೆಲ್ಲ ನೆರಿಗೆ. ಜನ ಮುಗಿಬಿದ್ದರು. ಒಂದು ಮಾತು ನೆನಪಿರಲಿ, 22ರ ಗಿಡಕ್ಕೆ 44ರ ಗಿಡ ಕೂಡುವುದಿಲ್ಲ. ಕೂಡಿಸಲು ಹೋಗಿ ಸುಮ್ನೆ ಒಂದು ಹಂಗಾಮು ಕಳೆದುಕೊಂಡವರು ಅಲ್ಲಿ ಭಾಳ ಜನ ಇದ್ದಾರೆ.

ಈಗ ತೊಂದರೆ ಎಲ್ಲಿ ಬಂತು ಅಂದರೆ, ಈ ಚೆಂದದ ಹೂಗಳಲ್ಲಿ ದೊಡ್ಡ ಪಾಲು ತಯಾರಾದದ್ದು ಫ್ಲಾರಿಡಾದಂಥ ಬೆಚ್ಚಗಿನ ರಾಜ್ಯಗಳಲ್ಲಿ. ಅಲ್ಲಿ ವರ್ಷಪೂರ್ತಿ ಗಿಡ ಬೆಳೆಯುತ್ತದೆ. ಬೀಜ ಹಾಕಿ ಒಂದು ವರ್ಷದೊಳಗೆ ಹೂ ನೋಡಬಹುದು. ತಳಿ ಮಾಡುವವರಿಗೆ ಸ್ವರ್ಗ. ಪಟದಲ್ಲಿ ಹೂ ನೋಡಿ ಮಿನೆಸೋಟದವರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಒಂದು ಚಳಿ ಕಳೆಯುವಷ್ಟರಲ್ಲಿ ಗಿಡ ಇಲ್ಲ.

ಯಾಕೆ ಸಾಯುತ್ತದೆ? ನೀರು ಹೆಪ್ಪುಗಟ್ಟುವುದು ಎಲ್ಲಿ ಅನ್ನುವುದೇ ಮುಖ್ಯ. ಕೋಶದ ಒಳಗೆ ಮಂಜುಗಡ್ಡೆ ಆದರೆ ಅದರ ಮೊನೆಗಳು ಪೊರೆ ಹರಿದುಬಿಡುತ್ತವೆ, ಕೋಶ ಸತ್ತಿತು. ಚಳಿ ತಡೆಯುವ ಗಿಡ ಶರತ್ಕಾಲದಲ್ಲೇ ತಯಾರಿ ಶುರು ಮಾಡುತ್ತದೆ. ಹಗಲು ಗಿಡ್ಡ ಆಗುವುದು, ರಾತ್ರಿ ತಂಪಾಗುವುದು ಅದಕ್ಕೆ ಗೊತ್ತಾಗುತ್ತದೆ. ಬೆಳೆಯುವುದನ್ನು ನಿಲ್ಲಿಸುತ್ತದೆ. ಕೋಶದಲ್ಲಿ ಸಕ್ಕರೆ ಕೂಡಿಡುತ್ತದೆ, ನೀರನ್ನು ಹೊರಗೆ ತಳ್ಳುತ್ತದೆ. ಮಂಜುಗಡ್ಡೆ ಕೋಶಗಳ ನಡುವಿನ ಸಂದಿಯಲ್ಲಿ ಆಗುತ್ತದೆ, ಒಳಗೆ ಆಗುವುದಿಲ್ಲ. ಎಲೆ ಒಣಗಿ ಬೀಳುತ್ತದೆ, ಬುಡದಲ್ಲಿ ಮೊನಚಾದ ಒಂದು ಮೊಗ್ಗು ಮಲಗಿರುತ್ತದೆ. ಇಂಥವನ್ನು ಮಲಗುವ ಜಾತಿ ಅನ್ನೋಣ. ಬೆಚ್ಚಗಿನ ನಾಡಿನ ನಿತ್ಯಹಸಿರು ಜಾತಿಗೆ ಈ ಅಭ್ಯಾಸ ಇಲ್ಲ. ನವೆಂಬರ್‌ನಲ್ಲೂ ಎಳೆ ಎಲೆ ಬಿಡುತ್ತಿರುತ್ತದೆ. ಇನ್ನು ಜನವರಿಯಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂದುಕೊಳ್ಳಿ, ವಸಂತ ಬಂತು ಅಂದುಕೊಂಡು ಮತ್ತೆ ಚಿಗುರುತ್ತದೆ. ಐದನೇ ದಿನ ಮೈನಸ್ 25.

ಆದರೆ ಎಲೆ ನೋಡಿ ತೀರ್ಮಾನ ಮಾಡಬಾರದು. ಇದು ನಾನು ತಿದ್ದಿಕೊಂಡ ತಪ್ಪು. ಮಲಗುವ ಗಿಡ ಎಲ್ಲಾ ಗಟ್ಟಿ, ಹಸಿರಾಗಿರುವ ಗಿಡ ಎಲ್ಲಾ ಮೆತ್ತಗೆ ಅಂತ ಮೊದಲು ನಂಬಿದ್ದೆ. ನಿತ್ಯಹಸಿರು ಜಾತಿಯಲ್ಲೂ ಮಿನೆಸೋಟದಲ್ಲಿ ಹತ್ತಾರು ವರ್ಷ ಬಾಳುವ ಗಿಡಗಳಿವೆ. ಮಲಗುವ ಜಾತಿಯಲ್ಲೂ ಸಾಯುವವು ಇವೆ. ಇನ್ನೊಂದು, ನೋಂದಣಿ ಪುಸ್ತಕದಲ್ಲಿ ನಿತ್ಯಹಸಿರು ಅಂತ ಬರೆದದ್ದು ಆ ತಳಿ ಮಾಡಿದವರ ಊರಿನ ಮಾತು. ಅದೇ ಗಿಡ ಉತ್ತರಕ್ಕೆ ಹೋದರೆ ಎಲೆ ಉದುರಿಸಬಹುದು.

ಹಾಗಾದರೆ ಗಟ್ಟಿ ಗಿಡ ಯಾವುದು ಅಂತ ತಿಳಿಯುವುದು ಹೇಗೆ? ಇದನ್ನು ನಮ್ಮ ತೊಗರಿಯಿಂದ ಹೇಳುತ್ತೇನೆ. ತೊಗರಿಗೆ ನೆಟೆ ರೋಗ ಬರುವುದು ಇಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗಿ ಹೋಗುತ್ತದೆ. ಮಣ್ಣಿನಲ್ಲಿರುವ ಫ್ಯೂಸೇರಿಯಂ ಶಿಲೀಂಧ್ರ ಕಾರಣ. ಹೈದರಾಬಾದ್ ದಾರಿಯಲ್ಲಿ ಪಟಾಂಚೆರು ಬರುತ್ತದಲ್ಲ, ಅಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದೆ. ನೆಟೆ ತಡೆಯುವ ತೊಗರಿ ಹುಡುಕುವಾಗ ವಿಜ್ಞಾನಿಗಳು ಚೊಕ್ಕ ಮಣ್ಣಿನಲ್ಲಿ ಬಿತ್ತುವುದಿಲ್ಲ. ಬೇಕಂತಲೇ ರೋಗದ ಮಣ್ಣು ಮಾಡಿಟ್ಟುಕೊಳ್ಳುತ್ತಾರೆ. ಸತ್ತ ಗಿಡ ಅಲ್ಲೇ ಬಿಡುತ್ತಾರೆ, ಬೇಗ ಸಾಯುವ ತಳಿಯನ್ನು ನಡುನಡುವೆ ಹಾಕುತ್ತಾರೆ, ರೋಗ ಕಡಿಮೆ ಆಗಬಾರದು ಅಂತ. ಆ ಮಣ್ಣಿನಲ್ಲಿ ಸಾವಿರ ಗಿಡ ಬಿದ್ದು ಹತ್ತು ನಿಂತರೆ, ಆ ಹತ್ತೇ ಬೀಜ. 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ ಮಾರುತಿ ತೊಗರಿ ನಿಮ್ಮ ಅಪ್ಪಂದಿರು ಬಿತ್ತಿದ್ದಾರೆ. ನೆಟೆ ತಡೆಯುವ ತಳಿ ಅದು. ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಕೂಡ ನೆಟೆ ತಡೆದೇ ಹೆಸರು ಮಾಡಿದ್ದು.

ಚಳಿಯೂ ಹಾಗೇ. ಆ ಹಿತ್ತಲಿನ ಹಿರಿಯರು ನನಗೆ ಹೇಳಿದ ಮೊದಲ ಮಾತು: ಹೊದಿಸಬೇಡಿ. ಒಣಗಿದ ಎಲೆ, ಹುಲ್ಲು, ಏನೂ ಬೇಡ. ಯಾವ ಗಿಡ ಇಡಬೇಕು ಅಂತ ನಾನು ಆರಿಸುವುದಿಲ್ಲ, ಚಳಿ ಆರಿಸಲಿ ಅನ್ನುತ್ತಿದ್ದರು. ಆ ಮಾತು ಕೇಳಿದಾಗ ನನಗೆ ಕಲ್ಲು ಮನಸ್ಸು ಅನ್ನಿಸಿತು. ಗೇಣುದ್ದದ ಸಸಿಗಳು, ಅಕ್ಟೋಬರ್ ಕೊನೆ, ರಾತ್ರಿ ಆಗಲೇ ಹಿಮ ಬೀಳುವ ಲಕ್ಷಣ. ಒಂದು ಸಾಲಿನಲ್ಲಿ ಪೀಚ್ ಹಣ್ಣಿನ ಬಣ್ಣದ ಹೂ ಬಿಟ್ಟಿದ್ದ 11 ಗಿಡ ಇದ್ದವು. ಫ್ಲಾರಿಡಾದ ಒಂದು ತಳಿಯ ಮಕ್ಕಳು. ಇದೊಂದು ಸಾಲಿಗಾದರೂ ಹೊದಿಸೋಣ ಅಂತ ನಾನೇ ಕೇಳಿಕೊಂಡೆ. ಅವರು ಬೇಡ ಅನ್ನಲಿಲ್ಲ. ಮೇಪಲ್ ಎಲೆ ತಂದು ಮೊಣಕಾಲೆತ್ತರ ಹೊದಿಸಿ, ನಾನು ಬೀದರ್‌ಗೆ ವಾಪಸ್ ಬಂದೆ.

ಮುಂದಿನ ಮೇ ತಿಂಗಳಲ್ಲಿ ಮಗಳು ಫೋನ್‌ನಲ್ಲಿ ಹೇಳಿದಳು, 11ಕ್ಕೆ 11 ಬದುಕಿವೆ ಅಂತ. ನನಗೆ ಭಾಳ ಖುಷಿ. ಆ ಬೇಸಿಗೆ ಅವರು ಅದರಲ್ಲಿ ಚೆಂದದ್ದೊಂದನ್ನು ತಾಯಿ ಮಾಡಿ ಬೀಜ ಕೂಡ ಹಿಡಿದರು. ಎರಡನೇ ಚಳಿಗೆ ಹೊದಿಕೆ ಇರಲಿಲ್ಲ. ಆ ವರ್ಷ ಹಿಮವೂ ಕಡಿಮೆ. ಹಿಮ ಕಡಿಮೆ ಅಂದರೆ ಒಳ್ಳೆಯದು ಅಂದುಕೊಳ್ಳುತ್ತೇವೆ, ಆದರೆ ಹಿಮವೇ ಕಂಬಳಿ. ಒಂದು ಅಡಿ ಹಿಮದ ಕೆಳಗೆ ಮಣ್ಣು ಸೊನ್ನೆ ಡಿಗ್ರಿ ಹತ್ತಿರವೇ ಇರುತ್ತದೆ, ಮೇಲೆ ಮೈನಸ್ 30 ಇದ್ದರೂ. ಬರಿಮಣ್ಣಿಗೆ ಚಳಿ ನೇರ ಹೊಡೆಯುತ್ತದೆ. 11ರಲ್ಲಿ 9 ಸತ್ತವು. ತಾಯಿ ಮಾಡಿದ ಗಿಡವೂ ಸತ್ತಿತು. ಅದರ ಬೀಜದಿಂದ ಬಂದ ಮಕ್ಕಳಲ್ಲೂ ಹೆಚ್ಚಿನವು ಮೊದಲ ಚಳಿಗೇ ಹೋದವು. ನಾನು ಕರುಣೆಯಿಂದ ಮಾಡಿದ ಒಂದು ಕೆಲಸ ಅವರ ಮೂರು ವರ್ಷ ತಿಂದಿತು. ಅವರಿಗೆ ಆಗ 70 ದಾಟಿತ್ತು. ಆ ವಯಸ್ಸಿನಲ್ಲಿ ಮೂರು ವರ್ಷ ಅಂದರೆ ಎಷ್ಟು ಅಂತ ನನಗೆ ಈಗ ಚೆನ್ನಾಗಿ ಗೊತ್ತಾಗುತ್ತದೆ. ಅವರು ಒಂದು ಮಾತೂ ಅನ್ನಲಿಲ್ಲ.

ಎರಡನೇ ಸಲ ನಾನು ಹೋದದ್ದು ಆ ಚಳಿ ಮುಗಿಯುವಾಗ, ಏಪ್ರಿಲ್‌ನಲ್ಲಿ. ಸತ್ತ ಗಿಡ ಹೇಗಿರುತ್ತದೆ ಅಂತ ಆಗ ನೋಡಿದೆ. ಮೇಲಿಂದ ನೋಡಿದರೆ ಬದುಕಿದ್ದಕ್ಕೂ ಸತ್ತದ್ದಕ್ಕೂ ಫರಕು ಇಲ್ಲ. ಎರಡಕ್ಕೂ ಒಣಗಿದ ಕಂದು ಎಲೆ. ಅವರು ನೆಲದ ಮೇಲೆ ಮಂಡಿ ಊರಿ, ಬೆರಳಿನಿಂದ ಬುಡದ ಸುತ್ತ ಮಣ್ಣು ಸರಿಸಿದರು. ಬದುಕಿದ ಗಿಡದ ಬುಡ ಒತ್ತಿದರೆ ಹಸಿ ಆಲೂಗಡ್ಡೆಯಂತೆ ಗಟ್ಟಿ. ನಡುವೆ ಬಿಳಿ ಬಿಳಿ ಮೊನೆ, ತುದಿಗೆ ಒಂದಿಷ್ಟು ಹಸಿರು. ಸತ್ತ ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಎಲೆಗಳು ಒಟ್ಟಿಗೆ ಕೈಗೆ ಬಂದವು, ಒಂದು ಬೇರೂ ಬರಲಿಲ್ಲ. ಬುಡ ಕಂದು ಬಣ್ಣದ ಲೋಳೆ ಆಗಿತ್ತು. ಕೊಳೆತ ಈರುಳ್ಳಿಯ ಚೀಲ ಬಿಚ್ಚಿದಾಗ ಬರುವ ವಾಸನೆ. ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ಹಲಗೆಯ ಮೇಲೆ ಆ ಗಿಡದ ನಂಬರಿಗೆ ಗೆರೆ ಎಳೆದರು. ಮುಂದಿನ ಗಿಡಕ್ಕೆ ಸರಿದರು.

ಎಲ್ಲ ಗಿಡವೂ ಚಳಿಗೇ ಸಾಯುವುದಿಲ್ಲ. ಚಳಿ ಕರಗುವಾಗ ಜಾಸ್ತಿ ಸಾಯುತ್ತವೆ. ಮೇಲಿನ ಮಣ್ಣು ಕರಗಿ ನೀರು ನಿಲ್ಲುತ್ತದೆ, ಕೆಳಗಿನದು ಇನ್ನೂ ಕಲ್ಲು, ನೀರು ಇಳಿಯುವ ದಾರಿ ಇಲ್ಲ. ರಾತ್ರಿ ಮತ್ತೆ ಹೆಪ್ಪು. ಹೀಗೆ ಹತ್ತಾರು ಸಲ. ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಗಿಡವನ್ನು ಮೇಲಕ್ಕೆ ಎತ್ತುತ್ತದೆ, ಬೇರು ಹರಿಯುತ್ತದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದಲ್ಲ, ಆ ಮಣ್ಣು ಮಾಡುವುದೂ ಹೆಚ್ಚುಕಮ್ಮಿ ಇದೇ ಕೆಲಸ. ಕಾರಣ ಬೇರೆ ಅಷ್ಟೇ.

ಇನ್ನು ಹೂ ಕೂಡಿಸುವುದು. ಕೆಲಸ ನಿಜಕ್ಕೂ ಸುಲಭ, ಮಕ್ಕಳೂ ಮಾಡಬಹುದು. ಹೂ ಬೆಳಗ್ಗೆ ಅರಳಿ ಪರಾಗ ಒಣಗಿ ಪುಡಿ ಆಗುವವರೆಗೆ ಕಾಯಬೇಕು, ಸುಮಾರು ಒಂಬತ್ತು, ಹತ್ತು ಗಂಟೆ. ಮೂರು ಎಸಳು, ಅದರ ಹಿಂದೆ ಎಸಳಿನಂಥದೇ ಇನ್ನೂ ಮೂರು. ನಡುವೆ ಆರು ಕೇಸರ. ಅವಕ್ಕಿಂತ ಉದ್ದವಾಗಿ, ತುದಿ ಸ್ವಲ್ಪ ಮೇಲಕ್ಕೆ ಬಾಗಿದ ಒಂದೇ ಒಂದು ಎಳೆ, ಅದು ಹೆಣ್ಣು ಭಾಗ. ತಂದೆ ಹೂವಿನಿಂದ ಒಂದು ಕೇಸರ ಚಿಮುಟದಲ್ಲಿ ಕಿತ್ತು ತರಬೇಕು. ತುದಿಯಲ್ಲಿ ಅರಿಶಿನದಂಥ ಪುಡಿ. ತಾಯಿ ಹೂವಿನ ಆ ಎಳೆಯ ತುದಿಗೆ ಮೆತ್ತಗೆ ಸವರಿದರೆ ಮುಗಿಯಿತು. ಪುಡಿ ಅಂಟಿದ್ದು ಕಣ್ಣಿಗೆ ಕಾಣುತ್ತದೆ. ದಂಟಿಗೆ ಚೀಟಿ ಕಟ್ಟಿ, ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ. ಮಾರನೇ ದಿನ ಹೂ ಬಾಡುತ್ತದೆ. ನಾಲ್ಕೈದು ದಿನದಲ್ಲಿ ಹೂ ಉದುರಿದ ಜಾಗದಲ್ಲಿ ಹಸಿರು ಕಾಯಿ ಉಬ್ಬಿದರೆ ಕೂಡಿದೆ ಅಂತ ಅರ್ಥ. ಒಂದೂವರೆ, ಎರಡು ತಿಂಗಳಿಗೆ ಕಾಯಿ ಒಣಗಿ ಮೂರು ಭಾಗವಾಗಿ ಬಾಯಿ ಬಿಡುತ್ತದೆ. ಒಳಗೆ ಕರಿಮೆಣಸಿನಷ್ಟು ದಪ್ಪದ ಕಪ್ಪು ಬೀಜ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ.

ಚಳಿ ನಾಡಿನಲ್ಲಿ ಇಲ್ಲೂ ಒಂದು ಓಟ ಇದೆ. ಹೂ ಶುರುವಾಗುವುದು ಜುಲೈನಲ್ಲಿ. ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್‌ಗೆ ಹಿಮಗಾಳಿ. ತಡವಾಗಿ ಕೂಡಿಸಿದ ಕಾಯಿ ಬಲಿಯುವ ಮೊದಲೇ ಕರಕಲಾಗುತ್ತದೆ. ಬೀಜ ಬಂದ ಮೇಲೆ ಒದ್ದೆ ಹತ್ತಿ ಅಥವಾ ಮರಳಲ್ಲಿ ಸುತ್ತಿ ಒಂದು ತಿಂಗಳು ಫ್ರಿಜ್ಜಿನಲ್ಲಿ ಇಡುತ್ತಾರೆ. ಬೀಜಕ್ಕೂ ಒಂದು ಸುಳ್ಳು ಚಳಿಗಾಲ ಬೇಕು. ಉತ್ತರದಲ್ಲಿ ಬಿತ್ತಿದ ಸಸಿ ಹೂ ಬಿಡುವುದು ಎರಡನೇ, ಮೂರನೇ ವರ್ಷಕ್ಕೆ. ಚೆಂದ ಅನ್ನಿಸಿದ್ದನ್ನು ಇನ್ನೂ ಮೂರು ಚಳಿ ನೋಡಬೇಕು. ಒಂದು ಚಳಿ ಯಾವತ್ತೂ ಪೂರ್ತಿ ಸತ್ಯ ಹೇಳುವುದಿಲ್ಲ, ಮೇಪಲ್ ಎಲೆಯ ಕಥೆಯಲ್ಲಿ ನೋಡಿದಿರಲ್ಲ. ಆಮೇಲೆ ಬೀಸಣಿಗೆ ಒಡೆದು ಒಡೆದು ಹೆಚ್ಚಿಸಬೇಕು, ಯಾಕೆಂದರೆ ಬೀಜ ಹಾಕಿದರೆ ತಾಯಿಯಂಥದು ಬರುವುದಿಲ್ಲ. ಹೆಸರಿಟ್ಟು ಹೊರಗೆ ಬಿಡುವಷ್ಟರಲ್ಲಿ ಎಂಟು, ಹತ್ತು ವರ್ಷ.

ಅವರ ಆಯ್ಕೆಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಹೂವಿನ ಮುಖ ನೋಡುವ ಮೊದಲು ಮೊಗ್ಗು ಎಣಿಸುತ್ತಿದ್ದರು. ಹೂ ಒಂದೇ ದಿನದ್ದಾದರೆ ಲೆಕ್ಕ ಮೊಗ್ಗಿನದೇ ಅಲ್ವಾ? ಒಂದು ದಂಟಿಗೆ 25 ಮೊಗ್ಗು, ಗಿಡಕ್ಕೆ ಐದು ದಂಟು ಅಂದರೆ 125 ಹೂ. ದಿನಕ್ಕೆ ನಾಲ್ಕು ಅರಳಿದರೂ ಒಂದು ತಿಂಗಳು ಅಂಗಳ ತುಂಬಿರುತ್ತದೆ. ಎಂಟು ಮೊಗ್ಗಿನ ದಂಟಿನಲ್ಲಿ ಎಷ್ಟು ಸುಂದರ ಹೂ ಬಂದರೂ ವಾರದಲ್ಲಿ ಮುಗಿಯಿತು. ಇನ್ನು ಅವರು ಬೆಳಗ್ಗೆ ಆರು ಗಂಟೆಗೇ ಹಿತ್ತಲಿಗೆ ಬರುತ್ತಿದ್ದುದು ಯಾಕೆ ಅಂತ ಮೊದಲು ಗೊತ್ತಾಗಿರಲಿಲ್ಲ. ಅಲ್ಲಿ ಬೇಸಿಗೆಯಲ್ಲೂ ಕೆಲವು ರಾತ್ರಿ ತಂಪು. ದಪ್ಪ ನೆರಿಗೆಯ ಅಂಚಿನ ಹೂಗಳು ತಂಪು ರಾತ್ರಿಯ ಮೇಲೆ ಅರಳಲಾರದೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತವೆ, ಅಂಚು ಅಂಚಿಗೆ ಅಂಟಿಕೊಂಡು. ಅಂಥ ಬೆಳಗ್ಗೆಯೇ ಅವರು ನೋಡಬೇಕಿತ್ತು. ತಂಪಿನಲ್ಲೂ ಪೂರ್ತಿ ಬಿಚ್ಚಿಕೊಂಡ ಹೂವಿಗೆ ಚೀಟಿ. ನನ್ನ ಮಟ್ಟಿಗೆ ಆ ಜಾಸ್ತಿ ನೆರಿಗೆಯ ಹೂಗಳೇ ಬೇಡ. ಡೇಲಿಲಿಯ ಚೆಲುವು ಅದು ಸಲೀಸಾಗಿ ಬಿಚ್ಚಿಕೊಳ್ಳುವುದರಲ್ಲಿ ಇದೆ.

ಸಾದಾ ಹೂವೇ ಗೆದ್ದದ್ದಕ್ಕೆ ಒಂದು ಉದಾಹರಣೆ ಸ್ಟೆಲ್ಲಾ ಡಿ ಓರೊ. ಇಂಡಿಯಾನಾ ರಾಜ್ಯದ ವಾಲ್ಟರ್ ಜಬ್ಲೊನ್ಸ್ಕಿ 1975ರಲ್ಲಿ ನೋಂದಾಯಿಸಿದ ಪುಟ್ಟ ಗಿಡ. ಒಂದಡಿ ಎತ್ತರ ಇಲ್ಲ, ಬಂಗಾರದ ಬಣ್ಣದ ಚಿಕ್ಕ ಹೂ. ನೆರಿಗೆ, ಗಾಢ ಬಣ್ಣ ಯಾವುದೂ ಇಲ್ಲ. ಆದರೆ ಮತ್ತೆ ಮತ್ತೆ ಹೂ ಬಿಡುತ್ತದೆ, ಕಡು ಚಳಿ ತಡೆಯುತ್ತದೆ, ರಸ್ತೆ ಬದಿಯಲ್ಲೂ ಬೆಳೆಯುತ್ತದೆ. 1985ರಲ್ಲಿ ಸ್ಟೌಟ್ ಪದಕ ಬಂತು. ಮಿನೆಸೋಟದಲ್ಲಿ ಪೆಟ್ರೋಲ್ ಬಂಕಿನ ಮುಂದೆಯೂ ಅದನ್ನು ನೋಡಿದ್ದೇನೆ.

ಒಬ್ಬರು ರೋಗದ ಬಗ್ಗೆ ಕೇಳಿದರು. ಡೇಲಿಲಿಗೆ ತುಕ್ಕು ರೋಗ ಇದೆ, ಅಮೆರಿಕದಲ್ಲಿ 2000ದಲ್ಲಿ ಮೊದಲು ಕಂಡಿತು. ಎಲೆಯ ಮೇಲೆ ಕಿತ್ತಳೆ ಪುಡಿ. ಆ ಶಿಲೀಂಧ್ರಕ್ಕೆ ಬದುಕಲು ಹಸಿರೆಲೆ ಬೇಕು. ಉತ್ತರದಲ್ಲಿ ಚಳಿಗೆ ಎಲೆಯೆಲ್ಲ ಸಾಯುವುದರಿಂದ ರೋಗವೂ ಅದರ ಜೊತೆ ಸಾಯುತ್ತದೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಕಾಯುವ ನಮಗೆ ಈ ಚಳಿ ಪುರಾಣ ಯಾಕೆ? ಯಾಕೆಂದರೆ ಆ ಹಿತ್ತಲಿನಲ್ಲಿ ಚಳಿ ಮಾಡಿದ ಕೆಲಸವನ್ನು ಇಲ್ಲಿ ನಮ್ಮ ಬಿಸಿಲು ಮಾಡುತ್ತದೆ. ಮಲಗುವ ಜಾತಿ ಹೆಚ್ಚಾಗಿ ನಮಗೆ ಆಗದು. ಅದಕ್ಕೆ ನಿಜವಾದ ಚಳಿ ಬೇಕು, ಬೀದರ್ ಚಳಿ ಸಾಲುವುದಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಸೊರಗಿ ಸೊರಗಿ ಹೋಗುತ್ತದೆ. ನಮಗೆ ಬೇಕಾದದ್ದು ನಿತ್ಯಹಸಿರು ಜಾತಿ. ಅಲ್ಲಿಂದ ಬೀಜ ಜೇಬಿನಲ್ಲಿ ಹಾಕಿಕೊಂಡು ತರಲಿಲ್ಲವೇ ಅಂತ ಕೆಲವರು ಕೇಳುತ್ತಾರೆ. ತರಬಾರದು. ಪರದೇಶದ ಬೀಜ, ಗಿಡಕ್ಕೆ ಅನುಮತಿ ಮತ್ತು ಆರೋಗ್ಯ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ರೋಗ ತಂದ ಹಾಗೆ. ನಾನು ಬೆಂಗಳೂರಿನ ನರ್ಸರಿಯಿಂದ ಹಳದಿ, ಕಿತ್ತಳೆ, ಮಾಸಲು ಕೆಂಪು, ಮೂರು ಗಿಡ ತಂದೆ. ಬಿಸಿಲಿಗೆ ಕಾಯಿ ಉದುರುತ್ತದೆ ಅಂತ ಏಪ್ರಿಲ್, ಮೇ ಬಿಟ್ಟು ತಂಪಿನ ದಿನಗಳಲ್ಲಿ ಕೂಡಿಸಿದೆ.

ಸಿಕ್ಕಿದ್ದು 40 ಬೀಜ. 26 ಮೊಳೆತವು. ಮೊದಲ ಬೇಸಿಗೆಗೆ ಮಾತ್ರ ನೆರಳು ಬಲೆ ಕಟ್ಟಿದೆ, ಸಸಿ ಇನ್ನೂ ಬೆರಳಷ್ಟು ಇತ್ತು. ಎರಡನೇ ಬೇಸಿಗೆಗೆ ಬಲೆ ಬಿಚ್ಚಿದೆ. ಬಿಚ್ಚುವಾಗ ಕೈ ಹಿಂದೆ ಮುಂದೆ ಆಯಿತು, ಸುಳ್ಳು ಹೇಳುವುದಿಲ್ಲ. ಆ ಮೇ ತಿಂಗಳಲ್ಲಿ 12 ಹೋದವು. ಮರುವರ್ಷ ಇನ್ನು 7. ಈಗ 7 ನಿಂತಿವೆ. ನಮ್ಮ ಮನೆಯ ಕಡೆ ಮೊರಂ ಮಿಶ್ರ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ, ಅದರಿಂದ ಮಳೆಗಾಲದಲ್ಲಿ ಒಂದೂ ಕೊಳೆಯಲಿಲ್ಲ. ಭಾಲ್ಕಿ, ಔರಾದ್ ಕಡೆಯ ಎರೆಮಣ್ಣಿನವರು ಒಂದಡಿ ಏರು ಮಡಿ ಮಾಡಿಕೊಳ್ಳಲೇಬೇಕು. ಏಳರಲ್ಲಿ ಒಂದು ಗಿಡ ಹೋದ ವರ್ಷ 19 ಮೊಗ್ಗಿನ ದಂಟು ಬಿಟ್ಟಿತು. ಹಳದಿ ಹೂ, ನಡುವೆ ಇಟ್ಟಿಗೆ ಬಣ್ಣದ ಉಂಗುರ. ಮಧ್ಯಾಹ್ನ ಮೂರು ಗಂಟೆಗೂ ಎಸಳು ಕರಗಲಿಲ್ಲ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಇನ್ನೂ ಎರಡು ಬೇಸಿಗೆ ನೋಡಬೇಕು.

ಆ ಗಿಡ ಒಡೆದು ಐದು ಬೀಸಣಿಗೆ ತಂದಿದ್ದೇನೆ, ಆ ಮೂಲೆಯಲ್ಲಿ ಒದ್ದೆ ಗೋಣಿ ಸುತ್ತಿ ಇಟ್ಟಿದ್ದೇನೆ. ಐದು ಬೇರೆ ಬೇರೆ ಊರಿನವರು ಒಂದೊಂದು ತೆಗೆದುಕೊಳ್ಳಿ. ಕಲಬುರಗಿಯಿಂದ ಬಂದವರು ಒಬ್ಬರಾದರೂ ಇರಲಿ, ಅಲ್ಲಿಯ ಬಿಸಿಲು ನಮ್ಮದಕ್ಕಿಂತ ಜೋರು. ಬುಡದ ಮೇಲೆ ಒಂದು ಅಂಗುಲಕ್ಕಿಂತ ಜಾಸ್ತಿ ಮಣ್ಣು ಬೇಡ. ಬೇರು ಊರುವವರೆಗೆ, ಒಂದು ತಿಂಗಳು, ನೀರು ತಪ್ಪಿಸಬೇಡಿ. ಆಮೇಲೆ ನಿಮ್ಮ ದಾಸವಾಳಕ್ಕೆ ಎಷ್ಟು ಹಾಕುತ್ತೀರೋ ಅಷ್ಟೇ ಸಾಕು. ನೆರಳು ಕಟ್ಟಬೇಡಿ. ಮೇ ಮುಗಿದ ಮೇಲೆ ನನಗೆ ಒಂದು ಫೋನ್ ಮಾಡಿ. ಸತ್ತಿದ್ದರೂ ಮಾಡಿ, ಯಾವ ವಾರ ಸತ್ತಿತು ಅಂತ ಹೇಳಿ. ಅದನ್ನೂ ನಾನು ಬರೆದಿಟ್ಟುಕೊಳ್ಳಬೇಕು.